‘ಟೋನ್’ ಪದಕ್ಕೆ ಕನ್ನಡ: ನಾಳದ ಬಿಗಿ, ನರದ ಹಿಡಿತ?

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಮಿದುಳುಕಾಂಡವು ಹೃದಯವನ್ನೂ ರಕ್ತನಾಳಗಳನ್ನೂ ಹೇಗೆ ಅಂಕೆಯಲ್ಲಿಡುತ್ತದೆ ಎಂಬ ಅಧ್ಯಾಯದಲ್ಲಿ ಮೂರು ವಾರದಿಂದ ಒಂದೇ ಪದದ ಮುಂದೆ ನಿಂತಿದ್ದೇನೆ: ಟೋನ್. ‘ವೇಗಲ್ ಟೋನ್’ (ಹೃದಯದ ಮೇಲೆ ವೇಗಸ್ ಎಂಬ ನರದ್ದು), ‘ವ್ಯಾಸೊಮೋಟರ್ ಟೋನ್’ (ರಕ್ತನಾಳಗಳದ್ದು) ಎಂದು ವೈದ್ಯರು ದಿನವೂ ಆಡುವ ಪದ. ನಿಘಂಟು ತೆರೆದರೆ ಸ್ವರ, ಧ್ವನಿ, ನಾದ, ಛಾಯೆ ಸಿಗುತ್ತವೆ. ಯಾವುದೂ ಇಲ್ಲಿಗೆ ಒಗ್ಗುವುದಿಲ್ಲ.

ಮೊದಲು ಅರ್ಥ ಹೇಳಿಬಿಡುತ್ತೇನೆ. 1851ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಕತ್ತಿನ ಒಂದು ಬದಿಯ ಅನುವೇದನಾ ನರವನ್ನು (ಸಿಂಪಥೆಟಿಕ್, ನಮ್ಮ ಇಚ್ಛೆಗೆ ಕಾಯದೆ ತಾನಾಗಿ ಕೆಲಸ ಮಾಡುವ ನರ) ಕತ್ತರಿಸಿದ. ಆ ಬದಿಯ ಕಿವಿ ಕೆಂಪೇರಿತು, ಮುಟ್ಟಿದರೆ ಇನ್ನೊಂದು ಕಿವಿಗಿಂತ ಬೆಚ್ಚಗಿತ್ತು. ಅಂದರೆ ಆ ನರ ಅದುವರೆಗೆ ಸುಮ್ಮನಿರಲಿಲ್ಲ. ಮೊಲ ಆರಾಮವಾಗಿ ಕುಳಿತಿದ್ದಾಗಲೂ ಕಿವಿಯ ಸಣ್ಣ ನಾಳಗಳನ್ನು ಒಂದಿಷ್ಟು ಬಿಗಿಹಿಡಿದೇ ಇತ್ತು; ಕೈಬಿಟ್ಟೊಡನೆ ಅವು ಹಿಗ್ಗಿ ರಕ್ತ ತುಂಬಿಕೊಂಡವು. ಎಡೆಬಿಡದ ಈ ಅರೆಬಿಗಿಯೇ ಟೋನ್. ಅದನ್ನು ಉಳಿಸಿಕೊಡುವ ಸಂಜ್ಞೆ ಹೊರಡುವುದು ಮಿದುಳುಕಾಂಡದ ತಳಭಾಗವಾದ ಮೆಡುಲ್ಲಾದಿಂದ. ಅಲ್ಲಿಂದ ಬೆನ್ನುಹುರಿಗಿಳಿದು, ಅನುವೇದನಾ ನರಗಳ ದಾರಿಯಾಗಿ ನಾಳದ ಗೋಡೆಯ ಸ್ನಾಯುವನ್ನು ಮುಟ್ಟುತ್ತದೆ. ಮೈಯ ಬಹುಪಾಲು ರಕ್ತನಾಳಗಳಿಗೆ ‘ಹಿಗ್ಗು’ ಎನ್ನುವ ಬೇರೊಂದು ನರವಿಲ್ಲ. ‘ಬಿಗಿ’ ಎನ್ನುವ ಮಾತು ಕಡಿಮೆಯಾದರೆ ಅವು ಹಿಗ್ಗುತ್ತವೆ, ಅಷ್ಟೆ. ಹಾಗಾಗಿ ಈ ಪದವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಗ್ರೀಕಿನ ‘ಟೋನೋಸ್’ ಎಂದರೆ ಹಗ್ಗವನ್ನೋ ತಂತಿಯನ್ನೋ ಎಳೆದು ಬಿಗಿಯುವುದು. ಸಂಸ್ಕೃತದ ‘ತನ್’ ಧಾತು ಅದಕ್ಕೆ ಬಂಧು. ನಮ್ಮ ತಂತು, ತಂತಿ, ತಾನ ಅಲ್ಲಿಂದಲೇ ಬಂದವು. ಆದ್ದರಿಂದ ‘ಸ್ವರ’ಕ್ಕಿಂತ ‘ಬಿಗಿ’ ಮೂಲಕ್ಕೆ ಹತ್ತಿರ.

ಬಿಗಿಯ ಸುತ್ತಲಿನ ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಬಿಗಿತ’ ಎಂದರೆ ಕತ್ತು ಹಿಡಿದುಕೊಂಡ ನೆನಪು ಬರುತ್ತದೆ. ‘ನಾಳಗಳ ಬಿಗಿತ’ ಎಂದು ಓದಿದವರು ವಯಸ್ಸಾದ ನಾಳಗಳು ಪೆಡಸಾಗುವ ಕಾಯಿಲೆ ಎಂದುಕೊಂಡಾರು. ‘ಸೆಳೆತ’ದಲ್ಲಿ ನೋವಿದೆ. ‘ಹದ’ ನನಗೆ ತುಂಬ ಪ್ರೀತಿಯ ಪದ, ಬಹಳ ದಿನ ಅದನ್ನೇ ಇಟ್ಟುಕೊಂಡಿದ್ದೆ. ಆದರೆ ಟೋನ್ ಏರುತ್ತದೆ, ಇಳಿಯುತ್ತದೆ. ‘ಹದ ಏರಿತು’ ಎನ್ನಲು ಬರುವುದಿಲ್ಲ. ಹದ ಇರುತ್ತದೆ ಅಥವಾ ತಪ್ಪುತ್ತದೆ. ‘ನಾಳದ ಬಿಗಿ ಏರಿತು’, ‘ಬಿಗಿ ಇಳಿಯಿತು’ ಎನ್ನುವಾಗ ನಾಲಿಗೆ ತಡವರಿಸುವುದಿಲ್ಲ.

ತೊಡಕು ಹೃದಯದಲ್ಲಿದೆ. ಎಲ್ಲ ನರಗಳ ನಂಟು ತಪ್ಪಿಸಿದರೆ ದೊಡ್ಡವರ ಹೃದಯ ತನ್ನ ಪಾಡಿಗೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ 70ರ ಆಸುಪಾಸಿಗೆ ಇಳಿದಿರುವುದು ಮುಖ್ಯವಾಗಿ ವೇಗಸ್ ನರ ಅದನ್ನು ಹಿಂದಕ್ಕೆ ಜಗ್ಗಿ ಹಿಡಿದಿರುವುದರಿಂದ. ಇದಕ್ಕೂ ಇಂಗ್ಲಿಷಿನಲ್ಲಿ ಟೋನ್ ಎಂದೇ ಹೆಸರು. ಆದರೆ ಇಲ್ಲಿ ಬಿಗಿಯಾಗಿರುವ ಸ್ನಾಯು ಯಾವುದೂ ಇಲ್ಲ. ನರ ಹಾಕಿದ ಲಗಾಮು ಮಾತ್ರ ಇದೆ. ಇದಕ್ಕೆ ‘ಹಿಡಿತ’ ಎನ್ನಬಹುದೇ?

ಥಟ್ಟನೆ ಎದ್ದು ನಿಂತಾಗ ಏನಾಗುತ್ತದೆ ನೋಡಿ. ಅರ್ಧ ಲೀಟರಿಗೂ ಮಿಕ್ಕಿ ರಕ್ತ ಸೊಂಟದ ಕೆಳಗೆ ಇಳಿಯುತ್ತದೆ. ಕತ್ತಿನ ಕೆರೋಟಿಡ್ ಧಮನಿಯಲ್ಲೂ ಮಹಾಧಮನಿಯ ಕಮಾನಿನಲ್ಲೂ ಇರುವ ಒತ್ತಡಗ್ರಾಹಕಗಳು (ನಾಳದ ಗೋಡೆ ಎಷ್ಟು ಹಿಗ್ಗಿದೆ ಎಂದು ಅರಿಯುವ ನರತುದಿಗಳು) ಮೊದಲಿನಷ್ಟು ಹಿಗ್ಗುವುದಿಲ್ಲ, ಮೆಡುಲ್ಲಾಕ್ಕೆ ಅವು ಕಳಿಸುವ ಸುದ್ದಿ ವಿರಳವಾಗುತ್ತದೆ. ಒಂದೆರಡು ಬಡಿತದೊಳಗೆ ವೇಗಸ್ ಹಿಡಿತ ಸಡಿಲುತ್ತದೆ, ಕೆಲವು ಸೆಕೆಂಡುಗಳಲ್ಲಿ ನಾಳಗಳ ಬಿಗಿ ಏರುತ್ತದೆ. ಕಣ್ಣಿಗೆ ಕವಿದ ಕತ್ತಲೆ ಅಷ್ಟರಲ್ಲಿ ತಿಳಿಯಾಗಿರುತ್ತದೆ. ಇದನ್ನೇ ‘ಒಂದು ಟೋನ್ ಇಳಿಯಿತು, ಇನ್ನೊಂದು ಟೋನ್ ಏರಿತು’ ಎಂದು ಬರೆದರೆ ವಿದ್ಯಾರ್ಥಿ ಉರುಹೊಡೆಯಬೇಕಾಗುತ್ತದೆ. ಹಿಡಿತ ಸಡಿಲಿತು, ಬಿಗಿ ಏರಿತು ಎಂದರೆ ಕಣ್ಣಿಗೆ ಕಾಣುತ್ತದೆ. ಒಂದು ಪಾರಿಭಾಷಿಕಕ್ಕೆ ಎರಡು ಕನ್ನಡ ಪದ ಬೇಡವೆಂಬ ಆಕ್ಷೇಪ ಬಂದೀತು, ಗೊತ್ತು. ಅರ್ಥವೇ ಎರಡಾಗಿರುವಲ್ಲಿ ಎರಡು ಪದ ಇರಲಿ ಎಂಬುದು ನನ್ನ ಪಕ್ಷ.

ಇನ್ನೊಂದು ಸಂಕಟ ‘ವೇಗಸ್’ ಎಂಬ ಹೆಸರಿನದು. ಲ್ಯಾಟಿನ್ನಿನಲ್ಲಿ ಅದಕ್ಕೆ ಅಲೆಯುವುದು ಎಂಬರ್ಥ. ಮೆಡುಲ್ಲಾದಿಂದ ಹೊರಟು ಕತ್ತು, ಎದೆ, ಹೊಟ್ಟೆಯವರೆಗೆ ಅಲೆದಾಡುವ ನರವಾದ್ದರಿಂದ ಆ ಹೆಸರು. ಕನ್ನಡ ಲಿಪಿಗೆ ಬಂದೊಡನೆ ಅದರೊಳಗೆ ‘ವೇಗ’ ಕಾಣುತ್ತದೆ. ಈ ನರವನ್ನು ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂಹೋಗಬಹುದು ಎಂದು ವೇಬರ್ ಸೋದರರು 1845ರಲ್ಲೇ ತೋರಿಸಿದ್ದರು. ಆದರೂ ನನ್ನ ಕರಡನ್ನು ಓದಿದ ಹುಡುಗಿಯೊಬ್ಬಳು ‘ವೇಗಸ್ ನರ ಹೃದಯದ ವೇಗ ಹೆಚ್ಚಿಸುತ್ತದೆ’ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಳು. ತಪ್ಪು ಅವಳದಲ್ಲ. ‘ಅಲೆಮಾರಿ ನರ’ ಎನ್ನೋಣವೇ, ‘ಹತ್ತನೆಯ ಕಪಾಲನರ’ ಎನ್ನೋಣವೇ?

‘ನರ’ವೂ ಜಾರುವ ಪದವೇ. ಸೂಜಿ ಚುಚ್ಚುವಾಗ ‘ನರ ಸಿಗುತ್ತಿಲ್ಲ’ ಎನ್ನುವುದು ರಕ್ತನಾಳವನ್ನು ಕುರಿತು. ಈ ಅಧ್ಯಾಯದ ಉದ್ದಕ್ಕೂ ನರ, ನಾಳ ಅಕ್ಕಪಕ್ಕದಲ್ಲೇ ಬರುತ್ತವೆ. ಮೊದಲ ಪುಟದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟು ‘ನರ’ವನ್ನೇ ಉಳಿಸಿಕೊಂಡಿದ್ದೇನೆ, ‘ನರತಂತು’ ಎಂದರೆ ಒಂದೊಂದು ಎಳೆ ಎಂಬರ್ಥ ಬಂದುಬಿಡುತ್ತದೆ.

ವೈದ್ಯಕೀಯ ಪಾಠ ಹೇಳುವವರು, ಆಸ್ಪತ್ರೆಯಲ್ಲಿ ಕನ್ನಡದಲ್ಲೇ ರೋಗಿಗಳಿಗೆ ವಿವರಿಸುವವರು ದಯವಿಟ್ಟು ತಿಳಿಸಿ: ‘ಬಿಗಿ’, ‘ಹಿಡಿತ’ ನಿಮ್ಮ ಬಾಯಲ್ಲಿ ನಿಲ್ಲುತ್ತವೆಯೇ? ಬೇರೆ ಮಾತು ರೂಢಿಯಲ್ಲಿದ್ದರೆ ಅದನ್ನು ಬಳಸುವ ಒಂದು ಪೂರ್ತಿ ವಾಕ್ಯದ ಸಮೇತ ಬರೆದರೆ ಉಪಕಾರ.