ಅಪ್‌ಡೇಟ್: ಅಪ್ಪನ ತೊಡೆನೋವಿಗೆ ಕಾರಣ ಸಿಕ್ಕಿತು

ಅಪ್ಪ ಕೊಲೆಸ್ಟರಾಲ್‌ಗೆ ವರ್ಷಗಳಿಂದ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಾರೆ, ಈಗ ಇದ್ದಕ್ಕಿದ್ದಂತೆ ಎರಡೂ ತೊಡೆ ನೋವು, ಏನಿರಬಹುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಎಣ್ಣೆ ತಿಕ್ಕಿದರೂ ನೋವು ಕಡಿಮೆಯಾಗಲಿಲ್ಲ. ವಿಟಮಿನ್ ಡಿ, ಥೈರಾಯ್ಡ್ ಎರಡೂ ನಾರ್ಮಲ್. ಅಷ್ಟರಲ್ಲಿ ಅಪ್ಪನಿಗೆ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಯಿತು, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿತು. ಅವತ್ತೇ ಆಸ್ಪತ್ರೆಗೆ ಓಡಿದೆವು.

‘ಇತ್ತೀಚೆಗೆ ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ? ಸಿಕೆ ಟೆಸ್ಟ್ (ಸ್ನಾಯುವಿಗೆ ಹಾನಿಯಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿ’ ಅಂದವರ ಮಾತೇ ನಿಜವಾಯಿತು. ಕೆಮ್ಮು, ಕಫಕ್ಕೆ ಕ್ಲಾರಿಥ್ರೊಮೈಸಿನ್ ಕೊಟ್ಟಿದ್ದರು. ಅಟೋರ್ವಾಸ್ಟಾಟಿನ್ ಅನ್ನು ಲಿವರ್‌ನಲ್ಲಿ ಕರಗಿಸುವ ಎಂಜೈಮನ್ನು ಈ ಆಂಟಿಬಯೋಟಿಕ್ ತಡೆಯುತ್ತದಂತೆ. ಹಾಗಾಗಿ ಅದೇ ಡೋಸ್ ತೆಗೆದುಕೊಂಡರೂ ರಕ್ತದಲ್ಲಿ ಔಷಧಿ ಜಾಸ್ತಿಯಾಗಿ ಸ್ನಾಯು ಒಡೆಯಲು ಶುರುವಾಗುತ್ತದೆ. ಸಾಮಾನ್ಯವಾಗಿ ಇನ್ನೂರರ ಆಸುಪಾಸು ಇರಬೇಕಾದ ಸಿಕೆ ಸಾವಿರಗಳಲ್ಲಿತ್ತು! ಒಡೆದ ಸ್ನಾಯುವಿನಿಂದ ಬರುವ ಮಯೋಗ್ಲೋಬಿನ್ ಕಿಡ್ನಿಯನ್ನೇ ಕೆಡಿಸಬಹುದು, ಭಯ ಇದ್ದದ್ದು ಅದಕ್ಕೇ. ಪುಣ್ಯಕ್ಕೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿರಲಿಲ್ಲ. ಎರಡೂ ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು.

ನನಗೆ ಆಶ್ಚರ್ಯವಾದ ವಿಷಯ ಇನ್ನೊಂದಿದೆ. ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕೋತದಂಥ ಹಣ್ಣು) ಜ್ಯೂಸ್ ಜಾಸ್ತಿ ಕುಡಿದರೂ ಇದೇ ಎಂಜೈಮ್ ಮಂಕಾಗುತ್ತದಂತೆ. ಹಣ್ಣಲ್ವಾ, ಏನಾಗುತ್ತೆ ಅನ್ನುವ ಹಾಗಿಲ್ಲ.

ಅಪ್ಪನಿಗೆ ಹಿಂದೆ ಸ್ಟೆಂಟ್ ಹಾಕಿರುವುದರಿಂದ ಸ್ಟಾಟಿನ್ (ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ) ಪೂರ್ತಿ ಬಿಡುವಂತಿಲ್ಲ. ಸಿಕೆ ಇಳಿದ ಮೇಲೆ ಡಾಕ್ಟರೇ ಕಡಿಮೆ ಡೋಸ್ ರೋಸುವಾಸ್ಟಾಟಿನ್ ಕೊಟ್ಟಿದ್ದಾರೆ; ಅದು ಕರಗಲು ಆ ಎಂಜೈಮನ್ನು ಅಷ್ಟಾಗಿ ಅವಲಂಬಿಸಿಲ್ಲ. ಸದ್ಯ ನೋವಿಲ್ಲ, ಮುಂದಿನ ತಿಂಗಳು ಮತ್ತೆ ಸಿಕೆ ನೋಡುತ್ತಾರೆ.