‘ರೆಕಾರ್ಡಿಂಗಿಗೆ ಹಾಕು’, ‘ರೆಕಾರ್ಡಿಂಗ್ ಇಡು’: ಎರಡೂ ಒಂದೆಯೇ?

ಇಡೀ ರಾತ್ರಿಯ ಯಕ್ಷಗಾನ ನೇರಪ್ರಸಾರವಾಗುವಾಗ ಅದರ ಧ್ವನಿಯನ್ನಷ್ಟೇ ಮನೆಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡು ಮರುದಿನ ಕೇಳಲು ಬಯಸುವ ಹಿರಿಯರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಗೊತ್ತುಪಡಿಸಿದ ಹೊತ್ತಿಗೆ ರೆಕಾರ್ಡಿಂಗ್ ಶುರುವಾಗಬೇಕು; ಆಗ ಹತ್ತಿರ ಯಾರೂ ಇರುವುದಿಲ್ಲ. ಇಂಗ್ಲಿಷಿನವರು ‘ಅನ್‌ಅಟೆಂಡೆಡ್’ ಎಂದು ಮುಗಿಸಿಬಿಡುವ ಈ ಎರಡನೆಯ ಸಂಗತಿಗೆ ಕನ್ನಡದಲ್ಲಿ ಏನು ಬರೆಯುವುದು?

‘ಸ್ವಯಂಚಾಲಿತ’ ಎಂಬ ಪದ ತಟ್ಟನೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಭರವಸೆಯನ್ನು ಆ ಪದ ಕೊಡುತ್ತದೆ. ನಾನು ಹೇಳಬೇಕಾದದ್ದು ಏನಾದರೂ ಕೆಟ್ಟರೆ ಸರಿಪಡಿಸಲು ಯಾರೂ ಇಲ್ಲ ಎಂದು. ಕಂಪ್ಯೂಟರ್ ನಿದ್ರೆಗೆ ಜಾರಿದ್ದರೆ, ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಲಿನಕ್ಸಿನ ಕ್ರಾನ್ ಸಾಮಾನ್ಯವಾಗಿ ಆ ಹೊತ್ತಿನ ಕೆಲಸವನ್ನು ಬಿಟ್ಟೇಬಿಡುತ್ತದೆ, ಎಚ್ಚರವಾದ ಮೇಲೂ ಮಾಡುವುದಿಲ್ಲ. ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಟೈಮರ್ ಇದೆ, ಆದರೆ ಅದು ತೆರೆದೇ ಇರಬೇಕು. ಇನ್ನು ಧ್ವನಿಯನ್ನು ಕುಗ್ಗಿಸದೆ ಇಡುವ ಸಾಮಾನ್ಯ ವೇವ್ ಕಡತಕ್ಕೆ 4 ಜಿಬಿ ಮಿತಿಯಿದೆ. ಸಿ.ಡಿ. ಗುಣಮಟ್ಟದಲ್ಲಿ ಅದು ತುಂಬಲು ಸುಮಾರು ಆರೂ ಮುಕ್ಕಾಲು ಗಂಟೆ ಸಾಕು. ರಾತ್ರಿ ಹತ್ತಕ್ಕೆ ಶುರುವಾದ ಆಟದ ಮಂಗಳ ಸಿಗುವುದೇ ಇಲ್ಲ! (128 ಕಿಲೋಬಿಟ್‌ನ ಎಂಪಿ3 ಆದರೆ ಗಂಟೆಗೆ 58 ಎಂಬಿಯೊಳಗೆ ಮುಗಿಯುತ್ತದೆ, ಸೂಚನೆಯಲ್ಲಿ ಅದನ್ನೇ ಹೇಳಿದ್ದೇನೆ.)

‘ಮಾನವರಹಿತ’ ಎಂದರೆ ರೈಲ್ವೆ ಗೇಟು, ಇಲ್ಲವೇ ವಿಮಾನ ನೆನಪಾಗುತ್ತದೆ. ‘ವಾರಸುದಾರರಿಲ್ಲದ’ ನಿಲ್ದಾಣದಲ್ಲಿ ಬಿದ್ದಿರುವ ಚೀಲಕ್ಕೆ ಸರಿ. ‘ಗಮನಿಸದ’ ಎಂದರೆ ಅಸಡ್ಡೆಯ ವಾಸನೆ.

ಆದರೆ ಮಾತಿನಲ್ಲಿ ನಮಗೆ ಈ ತೊಡಕೇ ಇಲ್ಲ. ಮೊಬೈಲನ್ನು ಚಾರ್ಜಿಗೆ ಹಾಕುತ್ತೇವೆ, ಸಿನಿಮಾ ಡೌನ್‌ಲೋಡಿಗೆ ಹಾಕುತ್ತೇವೆ, ಹಪ್ಪಳವನ್ನು ಬಿಸಿಲಿಗೆ ಹಾಕುತ್ತೇವೆ. ಶುರು ಮಾಡಿ ಎದ್ದುಹೋದೆ, ಅದು ತನ್ನ ಪಾಡಿಗೆ ಆಗುತ್ತಿರುತ್ತದೆ ಎಂಬ ಅರ್ಥ ಆ ಚತುರ್ಥಿ ಮತ್ತು ‘ಹಾಕು’ ಸೇರಿದಲ್ಲೇ ಇದೆ. ‘ರೆಕಾರ್ಡಿಂಗಿಗೆ ಹಾಕಿ ಮಲಗಿದೆ’ ಎಂದರೆ ಯಾರೂ ಕಾವಲಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ‘ಇಡು’ ಹಾಗಲ್ಲ: ಐದು ಗಂಟೆಗೆ ಅಲಾರಾಂ ಇಡುತ್ತೇವೆ, ಮದುವೆಗೆ ಮುಹೂರ್ತ ಇಡುತ್ತೇವೆ. ಅದು ಮುಂದಿನ ಹೊತ್ತನ್ನು ಕಟ್ಟುವ ಕ್ರಿಯಾಪದ. ಹಾಗಾಗಿ ಈಗಲೇ ಶುರು ಮಾಡಿ ಬಿಡುವುದಕ್ಕೆ ‘ರೆಕಾರ್ಡಿಂಗಿಗೆ ಹಾಕು’, ಮುಂದಿನ ಸಮಯ ಕೊಟ್ಟು ಬಿಡುವುದಕ್ಕೆ ‘ಹತ್ತು ಗಂಟೆಗೆ ರೆಕಾರ್ಡಿಂಗ್ ಇಡು’ ಎಂದು ಬಳಸಲು ಹೊರಟಿದ್ದೇನೆ. ಈ ಭೇದ ನಿಮ್ಮ ಕಿವಿಗೂ ಕೇಳಿಸುತ್ತದೆಯೇ, ಅಥವಾ ನನ್ನ ಕಡೆಯ ಮಾತಿಗಷ್ಟೇ ಸೀಮಿತವೇ? ನಿಘಂಟುಕಾರರು ಇವಕ್ಕಿಂತ ‘ಅನುಸೂಚಿತ’ವನ್ನು ಮೆಚ್ಚಬಹುದು. ನನಗಂತೂ ಅನುಸೂಚಿ ಎಂದರೆ ಸಂವಿಧಾನದ್ದು.

ರೆಕಾರ್ಡಿಂಗ್ ಎಷ್ಟು ಹೊತ್ತು ನಡೆಯಬೇಕು ಎಂಬುದಕ್ಕೆ ಪದ ಹುಡುಕಬೇಕಾಗಲಿಲ್ಲ, ‘ಕಾಲಮಿತಿ’ ಇದೆ. ‘ಕಾಲಮಿತಿ ಯಕ್ಷಗಾನ’ ಎಂದು ಮೇಳಗಳೇ ರೂಢಿ ಮಾಡಿಕೊಟ್ಟಿವೆ.

ಇನ್ನೊಂದು ತಕರಾರು ವಾರದ್ದು. ಎರಡನೆಯ ಪ್ರಸಂಗ ‘ಶನಿವಾರ ರಾತ್ರಿ ಹನ್ನೆರಡೂವರೆಗೆ’ ಎಂದರೆ ನಮಗೆಲ್ಲ ಶನಿವಾರ ಸಂಜೆಯ ನಂತರದ ರಾತ್ರಿಯೇ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯೋದಯಕ್ಕೆ. ಕಂಪ್ಯೂಟರಿಗೆ ಅದಾಗಲೇ ಭಾನುವಾರ 00:30. ಹಿರಿಯರೊಬ್ಬರು ಮಾತಿನಂತೆಯೇ ಶನಿವಾರ ಎಂದು ತುಂಬಿದರೆ ಅದು ಶುಕ್ರವಾರ ರಾತ್ರಿಯೇ ಎದ್ದು ಖಾಲಿ ಕೊಂಡಿಗೆ ಕಿವಿಗೊಟ್ಟು ಕೂರುತ್ತದೆ. ‘ಶನಿವಾರ ಕಳೆದು ರಾತ್ರಿ ಹನ್ನೆರಡೂವರೆ’ ಎಂದು ಬರೆದಿದ್ದೇನೆ, ಉದ್ದವಾಯಿತು. ‘ಭಾನುವಾರ ಬೆಳಗಿನ ಜಾವ’ ಎನ್ನಲು ಮನಸ್ಸು ಬಾರದು, ಜಾವ ಎಂದರೆ ನನಗೆ ಕೋಳಿ ಕೂಗಬೇಕು. ಪತ್ರಿಕೆಯಲ್ಲಿ ದುಡಿದವರು ಇದನ್ನು ಹೇಗೆ ಬರೆಯುತ್ತಿದ್ದರು?

ಕೊನೆಯದಾಗಿ, ಧಾರವಾಡದ ಕಡೆಯವರಿಗೆ: ರೇಡಿಯೋ ಹಚ್ಚುವುದು, ಫೋನ್ ಹಚ್ಚುವುದು ನಿಮ್ಮಲ್ಲಿ ಸಹಜ. ‘ರೆಕಾರ್ಡಿಂಗ್ ಹಚ್ಚಿ ಬಂದೆ’ ಎಂದರೆ ಬಿಟ್ಟುಬಂದ ಅರ್ಥವೂ ಬರುತ್ತದೆಯೇ, ಅಥವಾ ಬರೀ ಚಾಲೂ ಮಾಡಿದ್ದಷ್ಟೇ ತಿಳಿಯುತ್ತದೆಯೇ?