ಅಪ್‌ಡೇಟ್: ಹ್ಯುಂಡೈ ಕ್ರೆಟಾ ಕಾರಿಗೆ ಕೊನೆಗೂ 17 ಇಂಚಿನ ವೀಲೇ ಹಾಕಿಸಿದೆ

16 ಇಂಚಿನ ಸ್ಟೀಲ್ ವೀಲ್ ತೆಗೆದು 18 ಇಂಚಿನ ಅಲಾಯ್ ಹಾಕಿಸಬಹುದಾ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. 18 ಬೇಡ ಅಂತ ತೀರ್ಮಾನವಾಯಿತು. ಅಂಗಡಿಯವರು ತೋರಿಸಿದ್ದು 225/55 ಆರ್18 ಟೈರ್ (ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ 55%, ವೀಲ್ 18 ಇಂಚು). ನಮ್ಮ 205/65 ಆರ್16ಗಿಂತ ಅದರ ವ್ಯಾಸ ಹತ್ತಿರ ಹತ್ತಿರ 32 ಮಿ.ಮೀ. ಜಾಸ್ತಿ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 4 ಕಿ.ಮೀ. ವೇಗವಾಗಿ ಹೋಗುತ್ತಿರುತ್ತದೆ. ನಮ್ಮೂರ ಗುಂಡಿಗಳಿಗೆ ತೆಳ್ಳನೆ ಟೈರ್ ಬೇರೆ!

ಕಂಪನಿಯೇ ಮೇಲಿನ ವೇರಿಯಂಟ್‌ಗೆ ಕೊಡುವ 215/60 ಆರ್17 ತಗೊಂಡೆ. ವ್ಯತ್ಯಾಸ 17 ಮಿ.ಮೀ. ಮಾತ್ರ. ಲೋಡ್ ಇಂಡೆಕ್ಸ್ (ಟೈರ್ ಹೊರುವ ಭಾರದ ಸಂಕೇತ) 96, ಅಂದರೆ ಒಂದು ಟೈರ್ 710 ಕೆಜಿ ಹೊರುತ್ತದೆ. ಅಪ್ಪ, ಅಮ್ಮ, ಮಕ್ಕಳು, ಲಗೇಜು ಎಲ್ಲ ಸೇರಿದರೂ ಚಿಂತೆಯಿಲ್ಲ.

ಪಿಸಿಡಿ (ನಟ್ ತೂತುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ) 5x114.3 ಹೊಂದಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಹೊರಗಿನ ಕಂಪನಿಯ ಅಲಾಯ್‌ನ ನಡುವಿನ ತೂತು 73.1 ಮಿ.ಮೀ., ಅದು ಕೂರುವ ನಮ್ಮ ಗಾಡಿಯ ಹಬ್ 67.1 ಮಿ.ಮೀ. 'ಸುಮ್ನೆ ನಟ್ ಬಿಗಿ ಮಾಡಿದ್ರೆ ಸಾಕು ಸಾರ್' ಅಂದರು ಅಂಗಡಿಯವರು. ನಾನು ಬಿಡಲಿಲ್ಲ, ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿದೆ. ಹೈವೇಯಲ್ಲಿ ಸ್ಟೀರಿಂಗ್ ನಡುಗುವುದಿಲ್ಲ. ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಕೂಡ ಹಳೆ ವೀಲ್‌ಗೆ ಹತ್ತಿರದ್ದೇ ಆರಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜುವುದಿಲ್ಲ.

ಸ್ಟೆಪ್ನಿ ಮಾತ್ರ ಹಳೆಯ 16ರದ್ದೇ. ಪಂಚರ್ ಆದರೆ ಅಂಗಡಿವರೆಗೆ ನಿಧಾನಕ್ಕೆ ಹೋಗಲು ಸಾಕು, ಅಲ್ವಾ? ಅದರ ನಟ್‌ಗಳನ್ನೂ ಡಿಕ್ಕಿಯಲ್ಲಿ ಇಟ್ಟಿದ್ದೇನೆ.